ಭಾನುವಾರ ಹನ್ನೊಂದು ಗಂಟೆಗೆ ಹೊರಟರೆ ಜಗಳವೇ ಗತಿ

ಪ್ರಶ್ನೆ: ನಮ್ಮ ಮದುವೆಯಾಗಿ ಹತ್ತಿರ ಹತ್ತಿರ ಒಂದು ವರ್ಷ ಆಯ್ತು. ಇಬ್ಬರ ಊರೂ ಹಾಸನದ ಕಡೆ. ಈಗ ನಾಗಸಂದ್ರದಲ್ಲಿ ಬಾಡಿಗೆ ಮನೆ. ನಮ್ಮನೆಯವರು ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಆಪರೇಟರ್, ಒಂದು ವಾರ ಫಸ್ಟ್ ಶಿಫ್ಟ್, ಒಂದು ವಾರ ಸೆಕೆಂಡ್ ಶಿಫ್ಟ್. ನಾನು ಯಶವಂತಪುರದ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಇಬ್ಬರಿಗೂ ಒಟ್ಟಿಗೆ ರಜೆ ಸಿಗೋದು ಭಾನುವಾರ ಮಾತ್ರ. ಅವತ್ತು ಬಟ್ಟೆ, ಮನೆ, ತರಕಾರಿ ಎಲ್ಲ ಮುಗಿಸೋ ಹೊತ್ತಿಗೆ ಹನ್ನೊಂದು. ಆಮೇಲೆ ಸ್ಕೂಟರ್ ತೆಗೆದ್ರೆ ಬಿಸಿಲು, ಟ್ರಾಫಿಕ್, ಕೊನೆಗೆ ಜಗಳ. ನಂದಿ ಬೆಟ್ಟಕ್ಕೆ ಹೋಗಿ ಪಾರ್ಕಿಂಗ್ ಸಿಗದೆ ವಾಪಸ್ ಬಂದಿದ್ದೂ ಆಯ್ತು. ಇವರು ಬುಲೆಟ್ ತಗೊಂಡ್ರೆ ಎಲ್ಲ ಸರಿ ಹೋಗುತ್ತೆ ಅಂತಾರೆ, ಇಎಂಐ ಆರು ಸಾವಿರ ಚಿಲ್ಲರೆ. ತಿರುಗಾಟಕ್ಕೆ ಅಂತ ನಾವು ತೆಗೆದಿಡೋಕೆ ಆಗೋದು ತಿಂಗಳಿಗೆ ಎರಡು ಸಾವಿರ. ಸಾಲದ್ದಕ್ಕೆ ಊರಿಂದ ಅತ್ತೆ ಫೋನ್ ಮಾಡಿದಾಗೆಲ್ಲ ‘ಮತ್ತೆ ತಿರುಗೋಕೆ ಹೋಗಿದ್ರಾ’ ಅಂತಾರೆ. ಸಣ್ಣಪುಟ್ಟ ಸಾಹಸ ಮಾಡ್ಕೊಂಡು ಖುಷಿಯಾಗಿರೋಕೆ ದಾರಿ ಹೇಳ್ತೀರಾ?

ಉತ್ತರ: ಗಾಡಿಯ ಮಾತು ಆಮೇಲೆ. ಮೊದಲು ಆ ಹನ್ನೊಂದು ಗಂಟೆಯನ್ನು ಸರಿ ಮಾಡಿಕೊಳ್ಳಿ. ಭಾನುವಾರ ಹನ್ನೊಂದಕ್ಕೆ ಹೊರಟವರು ಬುಲೆಟ್‌ನಲ್ಲಿ ಹೋದರೂ ಅದೇ ಬಿಸಿಲು, ಅದೇ ಟ್ರಾಫಿಕ್, ಅದೇ ಜಗಳ. ಏಳಕ್ಕೆ ಮುಂಚೆ ಮನೆ ಬಿಟ್ಟವರು ಕೆಂಪು ಬಸ್ಸಿನಲ್ಲಿ ಹೋಗಿ ನಗುನಗುತ್ತಾ ವಾಪಸ್ ಬರುತ್ತಾರೆ.

ಬೆಂಗಳೂರಿನ ಸುತ್ತಮುತ್ತಲ ಬೆಟ್ಟಗಳಿಗೆ ಭಾನುವಾರ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೊಸದಾಗಿ ಮದುವೆಯಾದವರು ತುಂಬಾ ಜನ ಬರುತ್ತಾರೆ. ಬೆಟ್ಟ ಹತ್ತುವಾಗ ಅವರು ಜಗಳ ಆಡುವುದಿಲ್ಲ, ಅಷ್ಟು ಉಸಿರು ಎಲ್ಲಿರುತ್ತದೆ? ಜಗಳ ಶುರುವಾಗುವುದು ಹನ್ನೆರಡೂವರೆ ದಾಟಿದ ಮೇಲೆ, ಊಟಕ್ಕೆ ಹೋಟೆಲ್ ಹುಡುಕುವಾಗ. ಒಬ್ಬರಿಗೆ ಇನ್ನೊಂದು ಸ್ವಲ್ಪ ಮುಂದೆ ಹೋದರೆ ಒಳ್ಳೇ ಹೋಟೆಲ್ ಸಿಗುತ್ತದೆ ಎಂಬ ಆಸೆ, ಇನ್ನೊಬ್ಬರಿಗೆ ಎಲ್ಲಾದರೂ ಸರಿ ಮೊದಲು ನಿಲ್ಲಿಸಿ ಎಂಬ ಸಿಟ್ಟು, ಅಲ್ಲಿಂದ ಮಾತು ‘ನೀವು ಯಾವಾಗಲೂ ಹೀಗೇ’ ಅನ್ನುವಲ್ಲಿಗೆ ಹೋಗಿ, ಮದುವೆ ಮನೆಯಲ್ಲಿ ಯಾರು ಯಾರನ್ನು ಸರಿಯಾಗಿ ಮಾತಾಡಿಸಲಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹಸಿವಿನ ಜಗಳಕ್ಕೆ ಮದ್ದು ಡಬ್ಬಿ. ಚಿತ್ರಾನ್ನವೋ, ಒಗ್ಗರಣೆ ಅವಲಕ್ಕಿಯೋ, ಚಪಾತಿಯೊಳಗೆ ಪಲ್ಯ ಸುತ್ತಿದ್ದೋ, ಏನಾದರೂ ಒಂದು ಬ್ಯಾಗಿನಲ್ಲಿರಲಿ. ಹೋಟೆಲಿನಲ್ಲಿ ತಿಂಡಿ ತಿನ್ನಿ, ಕಾಫಿ ಕುಡಿಯಿರಿ, ಆದರೆ ಮಧ್ಯಾಹ್ನದ ಊಟವನ್ನು ಅದೃಷ್ಟಕ್ಕೆ ಬಿಡಬೇಡಿ.

ಈಗ ಮನೆಕೆಲಸ. ನಿಮ್ಮ ಪತ್ರದಲ್ಲಿ ‘ಮುಗಿಸೋ ಹೊತ್ತಿಗೆ’ ಎಂದು ಬರೆದಿದ್ದೀರಿ, ಯಾರು ಮುಗಿಸುತ್ತಾರೆ ಎಂದು ಬರೆದಿಲ್ಲ. ನನಗೆ ಗುಮಾನಿ ಇದೆ. ಫಸ್ಟ್ ಶಿಫ್ಟ್ ವಾರದಲ್ಲಿ ನಿಮ್ಮವರು ಮಧ್ಯಾಹ್ನ ಮೂರರ ಹೊತ್ತಿಗೆ ಮನೆಯಲ್ಲಿರುತ್ತಾರೆ, ನೀವು ಬರುವುದು ಆರೂವರೆ ಏಳಕ್ಕೆ. ಆ ಮೂರೂವರೆ ಗಂಟೆಯ ಬಿಡುವು ನಿಮ್ಮ ಭಾನುವಾರಕ್ಕೆ ಅಡ್ವಾನ್ಸ್ ಎಂದು ತಿಳಿಯಿರಿ. ಬೆಡ್‌ಶೀಟು, ಜೀನ್ಸು, ಕಂಪನಿಯ ಎಣ್ಣೆ ಮೆತ್ತಿದ ಯೂನಿಫಾರ್ಮು ಇವೆಲ್ಲ ಗುರುವಾರ ಶುಕ್ರವಾರವೇ ಒಗೆದು ಒಣಗಿರಬೇಕು. ಇಸ್ತ್ರಿಗೆ ಬೀದಿ ಕೊನೆಯ ಅಂಗಡಿಗೆ ಕೊಟ್ಟುಬಿಡಿ, ಎರಡು ಸಾವಿರದಲ್ಲಿ ನೂರು ರೂಪಾಯಿ ಅದಕ್ಕೆ ಹೋದರೂ ಪರವಾಗಿಲ್ಲ, ಅದು ತಿರುಗಾಟದ್ದೇ ಖರ್ಚು. ತರಕಾರಿ ಶನಿವಾರ ಸಂಜೆ. ಭಾನುವಾರ ಬೆಳಗ್ಗೆ ಮನೆಯಲ್ಲಿ ಉಳಿಯಬೇಕಾದ ಕೆಲಸ ಅಂದರೆ ಹಾಲು ಕಾಯಿಸುವುದು, ಡಬ್ಬಿ ಕಟ್ಟುವುದು, ಬೀಗ ಹಾಕುವುದು. ಒಂದು ಭಾನುವಾರ ಮನೆ ಗುಡಿಸದಿದ್ದರೆ ಏನೂ ಆಗುವುದಿಲ್ಲ, ಸುಮ್ನೆ ಹೊರಡಿ.

ಆದರೆ ಎಲ್ಲ ಭಾನುವಾರವೂ ಹೀಗೆ ಹೊರಡಬೇಡಿ. ಸೆಕೆಂಡ್ ಶಿಫ್ಟ್ ವಾರದ ಶನಿವಾರ ಅವರು ಮನೆಗೆ ಬರುವುದೇ ರಾತ್ರಿ ಹತ್ತೂವರೆಗೆ. ಊಟ ಮಾಡಿ ಮಲಗುವಾಗ ಹನ್ನೆರಡು. ಅಂಥವರನ್ನು ಐದಕ್ಕೆ ಎಬ್ಬಿಸಿ ಗಾಡಿ ಓಡಿಸಲು ಕೂರಿಸಿದರೆ ತೂಕಡಿಸುತ್ತಾರೆ, ಮತ್ತೆ ಅದನ್ನು ಒಪ್ಪಿಕೊಳ್ಳುವುದೂ ಇಲ್ಲ. ಆ ವಾರ ಸ್ಕೂಟರ್ ಮನೆಯಲ್ಲೇ ಇರಲಿ. ಬೇಕಿದ್ದರೆ ಸಂಜೆ ನಾಲ್ಕರ ಮೇಲೆ ಹತ್ತಿರದಲ್ಲೇ ಎಲ್ಲಿಗಾದರೂ ಹೋಗಿ, ಇಲ್ಲವೇ ಬೆಳಗ್ಗೆ ನಿಧಾನವಾಗಿ ಎದ್ದು ರೈಲು ಹತ್ತಿ. ದೊಡ್ಡ ಭಾನುವಾರ ಫಸ್ಟ್ ಶಿಫ್ಟ್ ವಾರದ್ದು. ತಿಂಗಳಿಗೆ ಎರಡು ಸಿಗುತ್ತವೆ, ಅಷ್ಟು ಸಾಕು.

ನಂದಿ ಬೆಟ್ಟದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಭಾನುವಾರ ಸೂರ್ಯೋದಯಕ್ಕೆ ನಂದಿಗೆ ಹೋಗುವುದು ಸಾಹಸವಲ್ಲ, ಸಂತೆ. 1,478 ಮೀಟರ್ ಎತ್ತರದ ಬೆಟ್ಟ, ಮೋಡ ಮಂಜು ಚೆನ್ನಾಗಿಯೇ ಇರುತ್ತದೆ, ಆದರೆ ಅರ್ಧ ಬೆಂಗಳೂರು ಅದೇ ಹೊತ್ತಿಗೆ ಅಲ್ಲಿರುತ್ತದೆ. ನಂದಿ ಬೇಕೇ ಬೇಕು ಅಂದರೆ ವಾರದ ಮಧ್ಯೆ ಒಂದು ರಜೆ ಹಾಕಿ ಹೋಗಿ. ಆಗಲೂ ಬೆಟ್ಟದ ಬುಡದಲ್ಲಿ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನವನ್ನು ಬಿಡಬೇಡಿ. ಮೇಲೆ ಹೋಗುವ ಅವಸರದಲ್ಲಿ ಎಷ್ಟೋ ಜನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರೆ ಬೆಟ್ಟದ ಮೇಲಿಗಿಂತ ಜಾಸ್ತಿ ನೆಮ್ಮದಿ ಸಿಗುತ್ತದೆ.

ನೀವಿರುವುದು ತುಮಕೂರು ರಸ್ತೆಯಲ್ಲಿ. ಅದು ನಿಮ್ಮ ಅದೃಷ್ಟ, ಜಯನಗರದವರು ಊರು ದಾಟುವಷ್ಟರಲ್ಲಿ ನೀವು ದಾಬಸ್‌ಪೇಟೆ ಮುಟ್ಟಿರುತ್ತೀರಿ. ಹಾಗಾಗಿ ಮೊದಲ ದೊಡ್ಡ ಭಾನುವಾರಕ್ಕೆ ಶಿವಗಂಗೆ. ತುಮಕೂರು ಕಡೆ ಹೋಗುವ ಬಸ್ಸು ಹತ್ತಿ ದಾಬಸ್‌ಪೇಟೆಯಲ್ಲಿ ಇಳಿದರೆ ಅಲ್ಲಿಂದ ಏಳೆಂಟು ಕಿಲೋಮೀಟರ್, ಲೋಕಲ್ ಬಸ್ಸು ಅಥವಾ ಆಟೊ. ನಿಮ್ಮ ಕಡೆ ಎಲ್ಲ ಬಸ್ಸೂ ನಿಲ್ಲಿಸುವುದಿಲ್ಲ, ಗೊರಗುಂಟೆಪಾಳ್ಯಕ್ಕೆ ಹೋದರೆ ಖಂಡಿತ ಸಿಗುತ್ತದೆ. 2023ರ ಜೂನ್ 11ರಿಂದ ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಿಮಗೆ ಶೂನ್ಯ ಟಿಕೆಟ್. ರಾಜಹಂಸ, ಐರಾವತ, ಎಸಿ ಬಸ್ಸುಗಳಿಗೆ ಇದು ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇರಬೇಕು, ಹಾಸನದ ವಿಳಾಸದ ಆಧಾರ್ ಆದರೂ ನಡೆಯುತ್ತದೆ. ಅಂದರೆ ಇಬ್ಬರು ಹೋದರೂ ಒಬ್ಬರದೇ ಬಸ್ ಚಾರ್ಜು. ಗಂಡಹೆಂಡಿರ ತಿರುಗಾಟಕ್ಕೆ ಇಷ್ಟು ಅನುಕೂಲ ಹಿಂದೆ ಯಾವತ್ತೂ ಇರಲಿಲ್ಲ, ಆದರೂ ಜನ ಪೆಟ್ರೋಲ್ ಹಾಕಿಸಿಕೊಂಡೇ ಹೋಗುತ್ತಾರೆ.

ಶಿವಗಂಗೆ 1,300 ಮೀಟರ್‌ಗೂ ಮೀರಿದ ಬೆಟ್ಟ. ನಂದಿಯ ಹಾಗೆ ಮೇಲಿನವರೆಗೂ ರಸ್ತೆ ಇಲ್ಲ, ಕಾಲಲ್ಲೇ ಹತ್ತಬೇಕು. ಬುಡದಿಂದ ಸ್ವಲ್ಪ ಮೇಲೆ ಗಂಗಾಧರೇಶ್ವರ ದೇವಸ್ಥಾನ, ಲಿಂಗದ ಮೇಲೆ ತುಪ್ಪ ಹಚ್ಚಿ ತಿಕ್ಕಿದರೆ ಬೆಣ್ಣೆಯಾಗುತ್ತದೆ ಎಂದು ಭಕ್ತರು ನಂಬುವ ಜಾಗ. ಅದನ್ನು ದಾಟಿದರೆ ಒಳಕಲ್ಲು ತೀರ್ಥ. ನೆಲದ ಬಂಡೆಯಲ್ಲಿ ಒಂದು ಒರಳಿನಷ್ಟು ಕಿಂಡಿ, ಬಗ್ಗಿ ಕೈ ಇಳಿಸಬೇಕು, ನೀರು ತಾಕಿದರೆ ಅಂದುಕೊಂಡದ್ದು ಆಗುತ್ತದೆ ಅಂತಾರೆ. ಮೊಣಕೈವರೆಗೆ ಇಳಿಸಿ ‘ಇಲ್ಲ ಸಿಗ್ತಿಲ್ಲ’ ಎಂದು ಎದ್ದುಬರುವವರೇ ಜಾಸ್ತಿ. ಭುಜ ಬಂಡೆಗೆ ತಾಗುವವರೆಗೆ ಕೈ ಹೋಗಲಿ, ಕಲ್ಲು ತಣ್ಣಗೆ ಕೆನ್ನೆಗೆ ತಾಕುತ್ತದೆ, ಆಗ ಬೆರಳ ತುದಿಗೆ ನೀರು ಸಿಕ್ಕರೂ ಸಿಕ್ಕೀತು. ಗಾಜಿನ ಬಳೆ ಇದ್ದರೆ ಮೊದಲೇ ತೆಗೆದು ಅವರ ಜೇಬಿಗೆ ಹಾಕಿ. ಇಬ್ಬರೂ ಕೈ ಹಾಕಿ, ಒಬ್ಬರಿಗೆ ಸಿಕ್ಕು ಇನ್ನೊಬ್ಬರಿಗೆ ಸಿಗದಿದ್ದರೆ ಇಳಿಯುವವರೆಗೂ ಕಾಲೆಳೆಯಲು ಒಂದು ವಿಷಯ ಆಯ್ತು.

ಅಲ್ಲಿಂದ ಮೇಲೆ ದಾರಿ ಕಡಿದಾಗುತ್ತದೆ. ಬಂಡೆಯಲ್ಲೇ ಕೊರೆದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಬಿಸಿಲೇರಿದ ಮೇಲೆ ಆ ಕಂಬಿ ಹಿಡಿಯಲಾಗದಷ್ಟು ಸುಡುತ್ತದೆ, ಬೇಗ ಹೊರಡಿ ಎಂದು ಬಡಕೊಳ್ಳುವುದು ಇದಕ್ಕೇ. ಮೇಲೆ ಬಂಡೆಯ ಅಂಚಿನಲ್ಲಿ ನಂದಿ ವಿಗ್ರಹ, ಅದರ ಸುತ್ತ ಒಬ್ಬರು ಹೋಗುವಷ್ಟೇ ಜಾಗ, ಭಯ ಇದ್ದವರು ಕೆಳಗೆ ನಿಂತು ಕೈ ಮುಗಿದರೂ ಸಾಕು. ಇನ್ನೂ ಮುಂದೆ ‘ಶಾಂತಲಾ ಡ್ರಾಪ್’ ಎಂದು ಕರೆಯುವ ಅಂಚು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶ್ರವಣಬೆಳಗೊಳದ ಶಾಸನದಲ್ಲಿದೆ. ಈ ಅಂಚಿನಿಂದಲೇ ಧುಮುಕಿದಳು ಅನ್ನುವುದು ಜನರ ಕಥೆ. ಹಾಸನದ ಕಡೆಯವರಾದ ನಿಮಗೆ ಬೇಲೂರಿನ ಶಾಂತಲೆ ಗೊತ್ತೇ ಇರುತ್ತಾಳೆ, ಅವಳ ಕೊನೆ ನಿಮ್ಮ ಬಾಡಿಗೆ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ. ಅಲ್ಲಿ ನಿಂತು ಸೆಲ್ಫಿ ಮಾತ್ರ ತೆಗೆಯಬೇಡಿ. ಬಂಡೆ ಮೇಲೆ ಗಾಳಿ ಜೋರು.

ಕೋತಿಗಳ ಬಗ್ಗೆ ಒಂದು ಮಾತು. ಅವು ಬ್ಯಾಗ್ ನೋಡುವುದಿಲ್ಲ, ಕೈಯಲ್ಲಿರುವ ಪ್ಲಾಸ್ಟಿಕ್ ಕವರ್ ಮತ್ತು ಬಣ್ಣದ ಜ್ಯೂಸ್ ಬಾಟಲಿ ನೋಡುತ್ತವೆ. ಡಬ್ಬಿ ಜಿಪ್ ಇರುವ ಬ್ಯಾಗಿನ ತಳದಲ್ಲಿರಲಿ. ಕಿತ್ತುಕೊಂಡರೆ ಬಿಟ್ಟುಬಿಡಿ, ನಿಮ್ಮವರು ವೀರಾವೇಶದಿಂದ ಹಿಂದೆ ಓಡದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಹತ್ತಿ ಇಳಿಯಲು ನಾಲ್ಕು ಗಂಟೆ ಇಟ್ಟುಕೊಳ್ಳಿ. ಏಳೂವರೆಗೆ ಹತ್ತಲು ಶುರು ಮಾಡಿದರೆ ಹನ್ನೆರಡರ ಒಳಗೆ ಕೆಳಗೆ, ಎರಡಕ್ಕೆ ಮನೆಯಲ್ಲಿ ನಿದ್ದೆ. ಒಟ್ಟು ಖರ್ಚು ಐನೂರು ದಾಟುವುದಿಲ್ಲ.

ಎರಡನೆಯದು ಇನ್ನೂ ಸುಲಭ, ಸೆಕೆಂಡ್ ಶಿಫ್ಟ್ ವಾರಕ್ಕೂ ಆಗುತ್ತದೆ. ನಿಮಗೆ ಹತ್ತಿರದ ರೈಲು ನಿಲ್ದಾಣ ಚಿಕ್ಕಬಾಣಾವರ. ತುಮಕೂರು ಕಡೆಯ ಪ್ಯಾಸೆಂಜರ್ ರೈಲು ಹತ್ತಿ ಕ್ಯಾತ್ಸಂದ್ರದಲ್ಲಿ ಇಳಿಯಿರಿ. ಜನರಲ್ ಟಿಕೆಟ್ ಮೊಬೈಲಿನಲ್ಲೇ ಸಿಗುತ್ತದೆ. ಹೊರಡುವ ಮುಂಚೆ ವಾಪಸ್ ರೈಲಿನ ಸಮಯವನ್ನೂ ನೋಡಿಟ್ಟುಕೊಳ್ಳಿ. ಕ್ಯಾತ್ಸಂದ್ರ ತಟ್ಟೆ ಇಡ್ಲಿಗೆ ಹೆಸರಾದ ಊರು, ತಟ್ಟೆಯಗಲದ ಮೆತ್ತನೆ ಇಡ್ಲಿ, ಮೇಲೆ ಬೆಣ್ಣೆ. ಒಬ್ಬರಿಗೆ ಎರಡು ಸಾಕು, ಮೂರು ತಿಂದರೆ ನಡೆಯುವ ಆಸೆ ಬಿಟ್ಟುಬಿಡಿ. ಅಲ್ಲಿಂದ ಸಿದ್ಧಗಂಗಾ ಮಠ ಹತ್ತಿರವೇ. 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಮಠ. ಸಾವಿರಾರು ಹುಡುಗರು ಅಲ್ಲೇ ಉಂಡು, ಅಲ್ಲೇ ಓದುತ್ತಾರೆ. ಬಂದವರಿಗೂ ದಾಸೋಹ ಇದೆ. ಹಿಂದಿನ ಬೆಟ್ಟಕ್ಕೆ ಮೆಟ್ಟಿಲಿದೆ, ಶಿವಗಂಗೆಯ ಕಾಲುಭಾಗದ ಕಷ್ಟವೂ ಇಲ್ಲ. ಈ ದಿನಕ್ಕೆ ಮುನ್ನೂರು ರೂಪಾಯಿ ಖರ್ಚಾದರೆ ಅದೂ ಜಾಸ್ತಿಯೇ.

ಸ್ಕೂಟರಿನಲ್ಲೇ ಹೋಗಬೇಕು ಅನ್ನಿಸಿದ ದಿನ ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟ. ಕಾಡಿನ ರಸ್ತೆ, ನಾಮದ ಚಿಲುಮೆ, ಮೇಲೆ ಭೋಗ ನರಸಿಂಹ, ಯೋಗ ನರಸಿಂಹ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಾಣ ಬಿಟ್ಟು ಬಂಡೆಯಿಂದ ಚಿಮ್ಮಿಸಿದ ಎಂದು ಚಿಲುಮೆಯ ಕಥೆ. ಜಾಗ ನಾನು ವಿವರಿಸುವುದಿಲ್ಲ, ಹೋದರೆ ಗೊತ್ತಾಗುತ್ತದೆ. ಗಾಡಿಯ ಬಗ್ಗೆ ಮಾತ್ರ ನಿಮ್ಮವರಿಗೆ ಇದನ್ನು ಓದಿ ಹೇಳಿ.

ಗೇರ್ ಇಲ್ಲದ ಸ್ಕೂಟರ್ ಘಾಟ್ ಹತ್ತುವುದರಲ್ಲಿ ಜಾಣ, ಇಳಿಯುವುದರಲ್ಲಿ ಮೊದ್ದು. ಗೇರ್ ಬೈಕಾದರೆ ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಸ್ಕೂಟರಿನಲ್ಲಿ ಆಕ್ಸಿಲರೇಟರ್ ಬಿಟ್ಟು ವೇಗ ಕಡಿಮೆಯಾದ ಕೂಡಲೇ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ, ಆಮೇಲೆ ಗಾಡಿ ಸುಮ್ನೆ ಉರುಳುತ್ತದೆ, ಇಬ್ಬರ ಭಾರ ಪೂರ್ತಿ ಬ್ರೇಕಿನ ಮೇಲೆ. ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಬಿಸಿಯಾಗಿ ಹಿಡಿತ ಸಡಿಲವಾಗುತ್ತದೆ, ಲಿವರ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಎರಡೂ ಬ್ರೇಕ್ ಒಟ್ಟಿಗೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಯಬೇಕು. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ಹಾಕಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಬಿಸಿ ಡ್ರಮ್ಮಿನ ಮೇಲೆ ನೀರು ಸುರಿಯಬೇಡಿ. ಪೆಟ್ರೋಲ್ ಉಳಿಸೋಣ ಎಂದು ಎಂಜಿನ್ ಆಫ್ ಮಾಡಿ ಇಳಿಯುವ ಬುದ್ಧಿವಂತರಿದ್ದಾರೆ, ಆ ಪೈಕಿ ನೀವು ಸೇರಬೇಡಿ. ಇಬ್ಬರು ಕೂರುವಾಗ ಹಿಂದಿನ ಚಕ್ರಕ್ಕೆ ಗಾಳಿ ಜಾಸ್ತಿ ಬೇಕು. ಎಷ್ಟು ಅನ್ನುವುದು ಗಾಡಿ ಜೊತೆ ಬಂದ ಪುಸ್ತಕದಲ್ಲಿರುತ್ತದೆ, ಬಂಕಿನ ಹುಡುಗ ಕಣ್ಣಂದಾಜಿನಲ್ಲಿ ಹಾಕಿದ್ದು ಲೆಕ್ಕಕ್ಕಿಲ್ಲ.

ಹಿಂದೆ ಕೂರುವ ನಿಮಗೆ: ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಐಎಸ್‌ಐ ಗುರುತಿನ, ಕಿವಿ ಮುಚ್ಚುವ ಹೆಲ್ಮೆಟ್ ಇರಲಿ. ಅರ್ಧ ಹೆಲ್ಮೆಟ್ ಪೊಲೀಸರಿಗೆ ತೋರಿಸಲಿಕ್ಕಷ್ಟೇ. ವೇಲ್ ಹಾಕಿದ್ದರೆ ಎರಡೂ ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಅಥವಾ ಮಡಿಸಿ ಬ್ಯಾಗಿಗೆ ಹಾಕಿ. ಹಾರುವ ವೇಲ್ ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆ ಎಂದು ಬರೆಯಲು ಇಷ್ಟವಿಲ್ಲ.

ಇನ್ನು ಬುಲೆಟ್. ಆರು ಸಾವಿರದ ಇಎಂಐ ಅಂದರೆ ನಿಮ್ಮ ತಿರುಗಾಟದ ದುಡ್ಡಿನ ಮೂರು ಪಟ್ಟು. ಗಾಡಿ ಬಂದ ಮೇಲೆ ತಿರುಗುವುದಕ್ಕೆ ದುಡ್ಡಿರುವುದಿಲ್ಲ, ಅದನ್ನು ಒರೆಸಿ ಮನೆ ಮುಂದೆ ನಿಲ್ಲಿಸಿ ನೋಡುತ್ತಾ ಕೂರಬೇಕು. ಆದರೂ ಅವರ ಆಸೆಯನ್ನು ಸಾರಾಸಗಟಾಗಿ ತಳ್ಳಿಹಾಕಬೇಡಿ. ವಾರಪೂರ್ತಿ ಮೆಷಿನ್ ಮುಂದೆ ನಿಂತು ಒಂದೇ ಪೀಸನ್ನು ಮತ್ತೆ ಮತ್ತೆ ಮಾಡುವವರಿಗೆ ಗುಡುಗುಡು ಸದ್ದಿನ ಗಾಡಿ ಬೇಕು ಅನ್ನಿಸುವುದು ಸಹಜ. ವರ್ಷಕ್ಕೆ ಒಂದೆರಡು ಸಲ ಬಾಡಿಗೆಗೆ ತೆಗೆದುಕೊಳ್ಳಿ. ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ಕೊಡಲು ಪರ್ಮಿಟ್ ಇರುವ ಗಾಡಿ. ಬಿಳಿ ಪ್ಲೇಟಿನ ಗಾಡಿಯನ್ನು ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ, ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಕೈಕೊಡುತ್ತದೆ. ಒಂದು ದಿನ ಓಡಿಸಿ ಬೆನ್ನು ಹಿಡಿದುಕೊಂಡ ಮೇಲೆ ಆಸೆ ಎಷ್ಟು ಉಳಿದಿದೆ ಎಂದು ಅವರೇ ಹೇಳುತ್ತಾರೆ. ಇನ್ನೊಂದು ವಿಷಯ, ಬುಲೆಟ್‌ನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವ ಕನಸಿದ್ದರೆ ಅದು ಆಗುವುದಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಯಾವ ದ್ವಿಚಕ್ರ ವಾಹನಕ್ಕೂ ಪ್ರವೇಶವಿಲ್ಲ, ಎಷ್ಟೇ ದೊಡ್ಡ ಗಾಡಿಯಾದರೂ ಸರ್ವೀಸ್ ರಸ್ತೆಯೇ. ರಾಮನಗರ, ಚನ್ನಪಟ್ಟಣ, ಮದ್ದೂರಿಗೆಲ್ಲ ರೈಲು ಆರಾಮ. ಮದ್ದೂರಿನಲ್ಲಿ ವಡೆ ರೈಲಿನ ಕಿಟಕಿಗೇ ಬರುತ್ತದೆ.

ಎಲ್ಲವನ್ನೂ ಭಾನುವಾರಕ್ಕೆ ಹೇರುವುದೂ ತಪ್ಪೇ. ಫಸ್ಟ್ ಶಿಫ್ಟ್ ವಾರದ ಸಂಜೆಗಳನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ನಿಮ್ಮ ಮನೆ, ಆಫೀಸು ಎರಡೂ ಹಸಿರು ಮೆಟ್ರೊ ಮಾರ್ಗದಲ್ಲಿವೆ. ಒಂದು ಬುಧವಾರ ಅವರು ನಾಗಸಂದ್ರದಲ್ಲಿ ಹತ್ತಲಿ, ನೀವು ಯಶವಂತಪುರದಲ್ಲಿ ಅದೇ ರೈಲಿಗೆ ಹತ್ತಿ. ಯಾವ ಬೋಗಿ ಎಂದು ಫೋನಿನಲ್ಲಿ ಹೇಳಿಕೊಳ್ಳಬೇಡಿ, ಪ್ಲಾಟ್‌ಫಾರ್ಮಿನಿಂದ ಕಿಟಕಿಯಲ್ಲೇ ಹುಡುಕಿ ಹತ್ತಿ. ಹುಚ್ಚುಚ್ಚಾಗಿದೆ ಅನ್ನಿಸಿದರೂ ಒಮ್ಮೆ ಮಾಡಿ ನೋಡಿ. ಜೆ.ಪಿ. ನಗರದ ಕಡೆ ಇಳಿದು ಆಟೊ ಹಿಡಿದರೆ ರಂಗಶಂಕರ. 2004ರಿಂದ ನಡೆಯುತ್ತಿರುವ ರಂಗಮಂದಿರ, ಸಂಜೆಯ ನಾಟಕ ಸಾಮಾನ್ಯವಾಗಿ ಏಳೂವರೆಗೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಅದರಲ್ಲಿ ರಾಜಿಯೇ ಇಲ್ಲ. ಅಲ್ಲಿನ ಕ್ಯಾಂಟೀನಿನಲ್ಲಿ ಏನಾದರೂ ತಿಂದು ಒಳಗೆ ಹೋಗಿ. ನಾಟಕ ಮುಗಿಸಿ ಮೆಟ್ರೊದಲ್ಲೇ ವಾಪಸ್ ಬರಬಹುದು. ಮರುದಿನ ಅವರಿಗೆ ಆರು ಗಂಟೆ ಶಿಫ್ಟ್ ಇರುವುದರಿಂದ ನಾಟಕ ಶನಿವಾರ ಇಟ್ಟುಕೊಳ್ಳಿ ಅನ್ನುತ್ತಿದ್ದೆ, ಆದರೆ ಭಾನುವಾರ ಬೇಗ ಹೊರಡಲು ಶನಿವಾರ ರಾತ್ರಿ ಬೇಗ ಮಲಗಬೇಕಲ್ವಾ. ಒಂದು ದಿನ ನಿದ್ದೆ ಕಡಿಮೆಯಾದರೆ ಆಗಲಿ ಬಿಡಿ, ಹೇಗೂ ಮರುದಿನ ಎರಡು ಗಂಟೆಗೆ ಬಿಡುವಾಗುತ್ತಾರೆ.

ಅದೇ ಮಾರ್ಗದಲ್ಲಿ ಲಾಲ್‌ಬಾಗ್ ಇದೆ. ಗಾಜಿನ ಮನೆ ಎಲ್ಲರೂ ನೋಡುತ್ತಾರೆ. ನೀವು ಅಲ್ಲಿನ ದೊಡ್ಡ ಬಂಡೆ ಮೇಲೆ ಹೋಗಿ ಕೂರಿ. ಸುಮಾರು ಮುನ್ನೂರು ಕೋಟಿ ವರ್ಷದ ಕಲ್ಲು ಅದು. ಕಾರ್ತಿಕ ಮಾಸದ ಕೊನೆಯ ಸೋಮವಾರದ ಆಸುಪಾಸಿನಲ್ಲಿ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದರೆ ಬಸವನಗುಡಿಯ ಕಡಲೆಕಾಯಿ ಪರಿಷೆ. ಅವತ್ತು ಹಸಿ ಕಾಯಿ, ಬೇಯಿಸಿದ ಕಾಯಿ, ಹುರಿದ ಕಾಯಿ ಎಂದು ಜೇಬು ತುಂಬಿಸಿಕೊಂಡು ಜನರ ನಡುವೆ ತಳ್ಳಿಸಿಕೊಂಡು ನಡೆಯುವುದೇ ಸುಖ. ನಿಮ್ಮ ಮನೆಯ ಉತ್ತರಕ್ಕೆ ಹೆಸರಘಟ್ಟ. ಒಂದು ಕಾಲಕ್ಕೆ ಬೆಂಗಳೂರಿಗೆ ನೀರು ಕೊಟ್ಟ ಕೆರೆ. ಅದರ ಪಕ್ಕದ ಹುಲ್ಲುಗಾವಲಿನಲ್ಲಿ ಸಂಜೆ ನಡೆಯಲು ಚೆಂದ, ಚಳಿಗಾಲದಲ್ಲಿ ಹಕ್ಕಿ ನೋಡುವವರು ದುರ್ಬೀನು ಹಿಡಿದು ಬರುತ್ತಾರೆ. ಗಾಡಿಯನ್ನು ಹುಲ್ಲಿನ ಮೇಲೆ ಇಳಿಸಬೇಡಿ, ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗಳು ಅಲ್ಲಿವೆ.

ಯಾರು ಪ್ಲಾನ್ ಮಾಡಬೇಕು ಅನ್ನುವುದು ಇನ್ನೊಂದು ತಂಟೆ. ಸಾಮಾನ್ಯವಾಗಿ ಒಬ್ಬರು ಎಲ್ಲ ಹುಡುಕಿ, ಕೇಳಿ, ಬುಕ್ ಮಾಡಿ ಕರೆದುಕೊಂಡು ಹೋಗುತ್ತಾರೆ, ಇನ್ನೊಬ್ಬರು ಬಂದು ‘ಇಷ್ಟೇನಾ’ ಅನ್ನುತ್ತಾರೆ. ಸರದಿ ಇಟ್ಟುಕೊಳ್ಳಿ. ಒಂದು ಸಲ ಪೂರ್ತಿ ನಿಮ್ಮದು, ಇನ್ನೊಂದು ಸಲ ಪೂರ್ತಿ ಅವರದು. ಪೂರ್ತಿ ಅಂದರೆ ಬಸ್ಸಿನ ಸಮಯ, ನೀರಿನ ಬಾಟಲಿ, ಚಿಲ್ಲರೆ ದುಡ್ಡು, ಶೌಚಾಲಯ ಎಲ್ಲಿದೆ ಅನ್ನುವುದೂ ಸೇರಿ. ಈ ಕೊನೆಯದನ್ನು ಗಂಡಸರು ಯೋಚಿಸುವುದೇ ಇಲ್ಲ. ಬೆಟ್ಟದ ಮೇಲೆ ಇರುವುದಿಲ್ಲ, ಬುಡದಲ್ಲೂ ನೆಚ್ಚಿಕೊಳ್ಳುವ ಹಾಗಿಲ್ಲ, ಬಸ್ ಸ್ಟ್ಯಾಂಡು ಅಥವಾ ಪೆಟ್ರೋಲ್ ಬಂಕಿನಲ್ಲಿ ಮುಗಿಸಿಕೊಂಡು ಹತ್ತಬೇಕು. ಅವರ ಸರದಿ ಬಂದಾಗ ಅವರೇ ವಿಚಾರಿಸಲಿ, ಆಗ ಕಣ್ಣು ತೆರೆಯುತ್ತದೆ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಸಲಹೆ ಕೊಡುವಂತಿಲ್ಲ. ಬಸ್ ತಪ್ಪಿದರೆ ತಪ್ಪಲಿ, ಬಾಯಿ ಮುಚ್ಚಿಕೊಂಡು ಟೀ ಕುಡಿಯುವುದು. ಮುಂದೆ ಸ್ಕಂದಗಿರಿಯಂಥ ಅರಣ್ಯ ಇಲಾಖೆಯ ಚಾರಣಕ್ಕೆ ಹೋಗುವ ಮನಸ್ಸಾದರೆ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಹೋಗಿ ನೋಡೋಣ ಅಂದರೆ ಗೇಟಿನಿಂದ ವಾಪಸ್.

ಮಳೆಗಾಲದಲ್ಲಿ ಬಂಡೆ ಬೆಟ್ಟ ಬೇಡ, ಪಾಚಿ ಕಟ್ಟಿದ ಕಲ್ಲು ಕಾಲು ಜಾರಿಸುತ್ತದೆ. ಕೆರೆ, ಜಲಾಶಯದ ನೀರಿಗೆ ಯಾವ ಕಾಲದಲ್ಲೂ ಇಳಿಯಬೇಡಿ, ಈಜು ಬಂದರೂ.

ಕೊನೆಗೆ ನಿಮ್ಮ ಅತ್ತೆ. ‘ಮತ್ತೆ ತಿರುಗೋಕೆ ಹೋಗಿದ್ರಾ’ ಅಂದರೆ ಎಲ್ಲ ಸಲವೂ ಬೈಗುಳವೇ ಆಗಿರಬೇಕಿಲ್ಲ. ದುಡ್ಡು ಪೋಲು ಮಾಡುತ್ತಿದ್ದಾರಾ ಎಂಬ ಚಿಂತೆ ಇರಬಹುದು, ನಮ್ಮನ್ನು ಕೇಳಲಿಲ್ಲವಲ್ಲ ಎಂಬ ಬೇಸರವೂ ಇರಬಹುದು. ಮುಂದಿನ ಸಲ ಅವರು ಕೇಳುವ ಮೊದಲೇ ನಿಮ್ಮವರು ಫೋನ್ ಮಾಡಲಿ, ನೀವಲ್ಲ, ಅವರ ಮಗ. ‘ಶಿವಗಂಗೆಗೆ ಹೋಗಿದ್ವಿ ಅಮ್ಮ, ನೀರು ಸಿಕ್ತು’ ಅಂದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಯಾರ ಕೈಗೆ ಸಿಕ್ಕಿತು ಎಂದು ಅವರೇ ಕೇಳುತ್ತಾರೆ, ನೋಡಿ.

ಹಬ್ಬಕ್ಕೆ ಊರಿಗೆ ಹೋದಾಗ ಒಂದು ದಿನ ಅವರ ಜೊತೆಗೇ ಹೊರಡಿ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ, ಹಬ್ಬದ ದಿನಗಳಲ್ಲಂತೂ ಕೇಳಲೇಬೇಡಿ. ಅದಕ್ಕಿಂತ ದೊಡ್ಡಗದ್ದವಳ್ಳಿಗೆ ಹೋಗಿ. ಹಾಸನ–ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ, ಕೆರೆ ದಂಡೆಯಲ್ಲಿ ಹೊಯ್ಸಳರ ಲಕ್ಷ್ಮೀದೇವಿ ಗುಡಿ, ನಾಲ್ಕು ಗರ್ಭಗುಡಿಗಳದ್ದು. ಬೇಲೂರಿನ ಚೆನ್ನಕೇಶವನಿಗಿಂತಲೂ ಹಳೆಯದು. ಹಾಸನದ ಹತ್ತಿರವೇ ಮೊಸಳೆ ಊರಿನಲ್ಲಿ ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗಳು, ಅಕ್ಕಪಕ್ಕ ಒಂದೇ ತರಹ ನಿಂತಿವೆ. ಹಾಸನದವರೇ ಎಷ್ಟೋ ಜನ ಇವನ್ನು ನೋಡಿರುವುದಿಲ್ಲ, ನಿಮ್ಮ ಅತ್ತೆಯೂ ನೋಡಿರದಿದ್ದರೆ ಆಶ್ಚರ್ಯವಿಲ್ಲ. ಬಸ್ಸು ನೆಚ್ಚಿಕೊಳ್ಳಬೇಡಿ, ಹಾಸನದಿಂದ ಎರಡಕ್ಕೂ ಸೇರಿಸಿ ಹೋಗಿ ಬರಲು ಒಂದೇ ಆಟೊ ಮಾತಾಡಿ, ಕಾಯುವ ದುಡ್ಡೂ ಅದರಲ್ಲೇ ಸೇರಿದೆ ಎಂದು ಮೊದಲೇ ಹೇಳಿ. ಅವರಿಗೆ ಮೊಣಕಾಲು ನೋವಿದ್ದರೂ ತೊಂದರೆಯಿಲ್ಲ, ಎರಡೂ ಕಡೆ ಹತ್ತುವ ಬೆಟ್ಟವಿಲ್ಲ. ಡಬ್ಬಿ ಅವರೇ ಕಟ್ಟುತ್ತೇನೆ ಅಂದರೆ ಬೇಡ ಅನ್ನಬೇಡಿ.